ಬ್ಯಾಟರಿಯ ಮೇಲಿನ ಮೂರು ಗೆರೆ

ಮೆಟ್ಟಿಲ ಕೆಳಗೆ ಇನ್ವರ್ಟರ್ ಬಂದು ಕುಳಿತಾಗಿನಿಂದ ನನ್ನದೊಂದು ಚಾಳಿ ನಿಮಗೆಲ್ಲ ನಗೆಯ ವಿಷಯವಾಗಿದೆ. ವಾರಕ್ಕೊಮ್ಮೆ ಒಣ ಬಟ್ಟೆ ಹಿಡಿದು ಅದರ ಬ್ಯಾಟರಿಯ ನೆತ್ತಿ ಒರೆಸುತ್ತೇನೆ. ಕರೆಂಟು ಹೋಗಿ ಅದು ಗುಂಯ್ ಎನ್ನತೊಡಗಿದರೆ ಕುಳಿತಲ್ಲಿ ಕೂರಲಾರೆ, ಎದ್ದು ಹೋಗಿ ನೋಡಿ ಬರುತ್ತೇನೆ. ಹೋದ ದಸರೆಯಲ್ಲಿ ನಿಮ್ಮವ್ವ ಅದಕ್ಕೆ ವಿಭೂತಿ ಹಚ್ಚಲು ಬಂದಾಗ ನಾನು ಅವಳ ಕೈ ಹಿಡಿದೆ. ದಿನಾ ಲಿಂಗಪೂಜೆ ಮಾಡುವ ಅಜ್ಜಿ ವಿಭೂತಿಯನ್ನು ಯಾಕೆ ಬೇಡ ಎಂದಳು ಎಂದು ನಿಮ್ಮಲ್ಲೊಬ್ಬಳು ಕೇಳಿದಳು. ಆಗ ಏನೋ ಒಂದು ಹೇಳಿ ಒಳಗೆ ಹೋದೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೂಡಲಗಿಯ ಹೆಣ್ಣು. ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದೆ. ಶಾಲೆಯಲ್ಲಿಯೂ ಉತ್ತರ ಗೊತ್ತಿದ್ದರೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆನೇ ಹೊರತು ಎದ್ದು ನಿಂತು ಹೇಳುತ್ತಿರಲಿಲ್ಲ. ಮದುವೆಯಾಗಿ ಬಂದದ್ದು ಘಟಪ್ರಭಾ ನದಿಯ ಹಿನ್ನೀರಿನ ದಂಡೆಗೆ. ಈ ದಂಡೆ ಗೋಕಾಕದ ಕಡೆ, ಆ ದಂಡೆ ಹುಕ್ಕೇರಿಯ ಕಡೆ. ಆ ಕಡೆಯ ಹಳ್ಳಿಗಳ ಜನ ಬೆಳಿಗ್ಗೆ ದೋಣಿಯಲ್ಲಿ ಈಚೆ ಬಂದು, ಗೋಕಾಕ ರೋಡ್ ಸ್ಟೇಶನ್ನಿಗೆ ನಡೆದು ರೈಲು ಹಿಡಿಯುತ್ತಿದ್ದರು. ನಮ್ಮ ಮನೆ ದೋಣಿಘಾಟಿನ ಮೇಲೆಯೇ ಇತ್ತು. ಮನೆಯಲ್ಲಿ ನಿಮ್ಮ ಅಜ್ಜ, ನನ್ನ ಅತ್ತೆ, ನಾನು, ಮೂರೇ ಜನ.

ಮೊದಲು ಆ ದೋಣಿಯನ್ನು ಉದ್ದನೆಯ ಕೋಲು ಊರಿ ನಡೆಸುತ್ತಿದ್ದವರು ಒಬ್ಬ ಮುದಿ ಅಂಬಿಗರು, ಎಲ್ಲರಿಗೂ ಮುತ್ಯಾ, ಅಂದರೆ ಅಜ್ಜ. ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಘಾಟಿನ ಪಕ್ಕದ ಒಂದು ಗುಡಿಸಲೇ ಅವರ ಮನೆ. ನಾನು ಹೊಸದಾಗಿ ಬಂದಾಗ, ತವರಿನ ನೆನಪಾಗಿ ನೀರಿನ ದಂಡೆಯಲ್ಲಿ ಕುಳಿತರೆ, ಅವರು ನನ್ನ ಕಡೆ ನೋಡದೆ ನೀರಿಗೇ ಹೇಳಿದಂತೆ ಹೇಳುತ್ತಿದ್ದರು: "ಮೂಡಲಗಿ ಏನ ದೂರ ಅಲ್ಲವ್ವಾ. ಹೊಳಿ ಆ ಕಡೇನ ಹೊಂಟೈತಿ. ಅಳೂದಿದ್ರ ಅದರಾಗ ಅಳು, ಮುಟ್ಟತೈತಿ." ದಿನಾ ಒಂದು ರೊಟ್ಟಿ, ಪಲ್ಯ ಅವರಿಗೆ ನಮ್ಮ ಮನೆಯಿಂದ ಹೋಗುತ್ತಿತ್ತು. ಒಯ್ಯುವವಳು ನಾನೇ.

ದೋಣಿಯ ಒಡೆಯರು ಹುಕ್ಕೇರಿಯ ಸಾವಕಾರರು. ಅವರು ಒಂದು ವರ್ಷ ಹಳೆಯ ಲಾರಿಯ ಇಂಜಿನ್ನು ತಂದು ದೋಣಿಗೆ ಕೂಡಿಸಿದರು. ನಿಮ್ಮ ಅಜ್ಜ ಡ್ರೈವರ್ ಆದರು. ಮುತ್ಯಾ ಹಗ್ಗ ಕಟ್ಟುವ, ಬಿಚ್ಚುವ, ದೋಣಿ ಕಾಯುವ ಕೆಲಸಕ್ಕೆ ಉಳಿದರು. ಇಂಜಿನ್ನಿನ ಜೊತೆ ಅದರ ಬ್ಯಾಟರಿಯೂ ಬಂತು. ಒಂದು ಮರದ ಪೆಟ್ಟಿಗೆಯೊಳಗೆ, ಕೂರುವ ಹಲಗೆಯ ಕೆಳಗೆ ಅದರ ಜಾಗ. ಅದಕ್ಕೇ ಒಂದು ರೇಡಿಯೋ ಕೂಡ ಜೋಡಿಸಿದ್ದರು. ರೇಡಿಯೋದ ಬದಿಗೆ ತಗಡಿನ ಸಣ್ಣ ಡಬ್ಬಿಯೊಂದಿತ್ತು. ಬ್ಯಾಟರಿಯ ನೇರ ಕರೆಂಟನ್ನು ಅದು ಹಿಂದೆ ಮುಂದೆ ಅಲುಗಿಸಿ, ಜೋರು ಮಾಡಿ ರೇಡಿಯೋಕ್ಕೆ ಕೊಡುತ್ತದೆ ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು. ಹಾಡು ಶುರುವಾಗುವ ಮೊದಲು ಅದು ದುಂಬಿಯಂತೆ ಗುಂಯ್ ಎನ್ನುತ್ತಿತ್ತು. ಇವತ್ತಿನ ನಿಮ್ಮ ಇನ್ವರ್ಟರಿನದೂ ಹೆಚ್ಚು ಕಡಿಮೆ ಅದೇ ದನಿ.

ಆ ವರ್ಷದ ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅತ್ತೆ ಇಂಜಿನ್ನಿಗೂ ಬ್ಯಾಟರಿಗೂ ಪೂಜೆ ಮಾಡಿಸಿದರು. ಬ್ಯಾಟರಿಯ ಎರಡು ಮೂಲೆಗೆ ಸೀಸದ ಎರಡು ಗುಬಟು ಇದ್ದವು, ಎತ್ತಿನ ಕೊಂಬಿನ ಹಾಗೆ. ಎತ್ತಿನ ಹಣೆಗೆ ಹಚ್ಚುವಂತೆ ನಾನು ವಿಭೂತಿಯನ್ನು ನೀರಿನಲ್ಲಿ ಕಲಸಿ ಈ ಕೊಂಬಿನಿಂದ ಆ ಕೊಂಬಿನವರೆಗೆ ಮೂರು ಬೆರಳಿನಲ್ಲಿ ಗೆರೆ ಎಳೆದೆ. ಎಳೆದ ಕೂಡಲೆ ಕೊಂಬಿನ ಬುಡದಲ್ಲಿ ಸಣ್ಣಗೆ ನೊರೆ ಎದ್ದಿತು. "ದೇವ್ರು ಒಪ್ಪಿಕೊಂಡ ನೋಡ" ಎಂದು ಅತ್ತೆ ಕೈ ಮುಗಿದರು. ಅಂದಿನಿಂದ ಪ್ರತಿ ಸೋಮವಾರ, ಸ್ನಾನ ಮಾಡಿ, ಮೊದಲ ದೋಣಿ ಬಿಡುವ ಮುಂಚೆ ಹೋಗಿ ಮೂರು ಗೆರೆ ಎಳೆದು ಬರುವುದು ನನ್ನ ಪಾಲಿಗೆ ಬಂತು. ನನಗೂ ಅದು ಇಷ್ಟದ ಕೆಲಸ. ಮಾತಾಡಬೇಕಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ತೊಂದರೆ ಶುರುವಾಯಿತು. ಒಂದು ಬುಧವಾರ ಬೆಳಿಗ್ಗೆ ಜನ ತುಂಬಿದ್ದಾರೆ, ನಿಮ್ಮ ಅಜ್ಜ ಗುಂಡಿ ಒತ್ತಿದರೆ ಇಂಜಿನ್ನು ಟಿಕ್ ಎಂದು ಸುಮ್ಮನಾಯಿತು. ಮತ್ತೆ ಒತ್ತಿದರು, ಟಿಕ್ ಕೂಡ ಇಲ್ಲ. ಹ್ಯಾಂಡಲ್ ಹಾಕಿ ತಿರುವೋಣವೆಂದರೆ ದೋಣಿಯ ಅಡ್ಡಪಟ್ಟಿ ಕೈಗೆ ತಾಗುತ್ತಿತ್ತು, ಅರ್ಧ ಸುತ್ತೂ ಆಗುತ್ತಿರಲಿಲ್ಲ.

"ಏನ್ರಿ ಡ್ರೈವರ್ ಸಾಹೇಬ್ರ, ನಿಮ್ಮ ಎಮ್ಮಿ ಇವತ್ತ ಏಳೂದಿಲ್ಲೇನು?"

"ಬಾಲಾ ತಿರುವ್ರಿ, ಬಾಲಾ!"

"ನೀವ್ ನಗ್ರಿ. ಅಲ್ಲೆ ರೈಲ ಏನ ನಿಮ್ಮ ಮಾವಂದಲ್ಲ, ಕಾಯಾಕ."

ಮುತ್ಯಾ ಗುಡಿಸಲಿನ ಸೂರಿನಿಂದ ತಮ್ಮ ಕೋಲು ತಂದರು. "ಸರೀರೆಪಾ. ಮುದುಕನ ಕೋಲಿಗೆ ಯಾವ ಬ್ಯಾಟರೀನೂ ಬ್ಯಾಡ" ಎಂದು ನೂಕಿದರು. ಜನ ಗದ್ದಲ ಮಾಡಿ ನಕ್ಕರು. ನಿಮ್ಮ ಅಜ್ಜ ನಗಲಿಲ್ಲ.

ಗೋಕಾಕದಿಂದ ಮಿಸ್ತ್ರಿ ಬಂದರು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ರಿಪೇರಿ ಮಾಡಿ ಬಂದ ಮುಸಲ್ಮಾನರು, ತೂಕದ ಮನುಷ್ಯ. ಅವರ ಹತ್ತಿರ ಒಂದು ಗಾಜಿನ ಪಿಚಕಾರಿ. ಅದನ್ನು ಬ್ಯಾಟರಿಯ ತೂತಿಗೆ ಇಟ್ಟು ಒಳಗಿನ ತೇಜಾಬಿನ, ಅಂದರೆ ಆಸಿಡ್ಡಿನ, ನೀರು ಎಳೆದರೆ, ಗಾಜಿನೊಳಗಿನ ತೇಲುಗಡ್ಡಿಯ ಬಣ್ಣ ನೋಡಿ ಬ್ಯಾಟರಿಯ ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳಬಹುದು. ನೀರಿನ ಮಟ್ಟದಲ್ಲಿ ಹಸಿರು ಕಂಡರೆ ತುಂಬಿದೆ, ಬಿಳಿ ಕಂಡರೆ ಅರ್ಧ, ಕೆಂಪು ಕಂಡರೆ ಖಾಲಿ. ಅವತ್ತು ಕೆಂಪು. ಅವರು ವಾಯರುಗಳ ಬಿಗಿ ನೋಡಿದರು, ಡೈನಮೊದ ಪಟ್ಟಾ ಎಳೆದು ನೋಡಿದರು, ರೇಡಿಯೋದ ಡಬ್ಬಿಯ ಮೇಲೆ ಸಂಶಯಪಟ್ಟು ಅದರ ವಾಯರು ಕಿತ್ತು ಬಿಟ್ಟರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ನಿಮ್ಮ ಅಜ್ಜನಿಗೆ ಅವರು ಹೇಳುತ್ತಿದ್ದರು: "ಚಾರ್ಜ ಹಾಕಿದಾಗ ಒಳಗ ನೊರಿ ಬರತೈತಿ ನೋಡ್ರಿ. ಕರೆಂಟ ಓಡ್ಯಾಡಿದಲ್ಲೆ ನೊರಿ. ಅದು ಅದರ ಉಸರಿದ್ದಂಗ."

ಮಾತು ಕಿವಿಗೆ ಬಿತ್ತು. ಆದರೆ ಅವತ್ತು ಅದು ನನ್ನ ತಲೆಗೆ ಹೋಗಲಿಲ್ಲ.

ಬ್ಯಾಟರಿಯನ್ನು ಚಾರ್ಜ್ ಮಾಡಲು ಗೋಕಾಕಕ್ಕೆ ಕಳಿಸಬೇಕಾಯಿತು. ಪೂಜೆ ಮಾಡಿದ್ದು, ಅಂಗಡಿಯ ನೆಲದ ಮೇಲೆ ಯಾರಾದರೂ ಕಾಲು ತಾಗಿಸಿಯಾರು ಎಂದು ನಾನು ಒದ್ದೆ ಬಟ್ಟೆಯಿಂದ ಗೆರೆಗಳನ್ನು ನೀಟಾಗಿ ಒರೆಸಿ, ಆ ಬಟ್ಟೆಯನ್ನೂ ಹೊಳೆಯಲ್ಲಿ ಬಿಟ್ಟು, ಆಮೇಲೆ ಗಾಡಿಗೆ ಹೇರಿಸಿದೆ. ಅದು ತಿರುಗಿ ಬಂತು. ಮುಂದಿನ ಸೋಮವಾರ ಗೆರೆ ಎಳೆದೆ. ಬುಧವಾರ ಮತ್ತೆ ಸತ್ತಿತು. ಮತ್ತೆ ಒರೆಸಿ ಕಳಿಸಿದೆ, ಮತ್ತೆ ಬಂತು. ಈ ಸಲ ಮಿಸ್ತ್ರಿಯೇ ಜೊತೆಗೆ ಬಂದರು.

"ಇದರ ಹೊಟ್ಯಾಗ ಯಾವ ಬ್ಯಾನೀನೂ ಇಲ್ರಿ" ಎಂದರು. "ನನ್ನ ಅಂಗಡ್ಯಾಗ ಎಂಟ ದಿನಾ ಸುಮ್ನ ಇಟ್ಟ ನೋಡಿದೆ. ಹುಲಿ ಇದ್ದಂಗ ಇತ್ತು. ನಿಮ್ಮ ಘಾಟಿಗಿ ಬಂತಂದ್ರ ಬೆಕ್ಕ ಆಗತೈತಿ. ಕಸರು ಬ್ಯಾಟರ್ಯಾಗ ಇಲ್ಲ, ಇಲ್ಲೇ ಎಲ್ಲೋ ಐತಿ."

ಅವರು ಕಣ್ಣಿಗೆ ಕಾಣುವ ಎಲ್ಲವನ್ನೂ ನೋಡಿದ್ದರು. ಮೂರು ಗೆರೆಯನ್ನೂ ನೋಡಿದ್ದರು. ಅದನ್ನು ಮುಟ್ಟದ ಹಾಗೆ ಎಚ್ಚರದಿಂದ ಕೈ ಆಡಿಸುತ್ತಿದ್ದರು.

ಅತ್ತೆಗೆ ಇದೆಲ್ಲ ದೃಷ್ಟಿಯಂತೆ ಕಂಡಿತು. "ಐದ ಸೋಮವಾರ ಹಾಲಿನ್ಯಾಗ ಕಲಸಿ ಹಚ್ಚು. ತೆಳ್ಳಗ ಹಚ್ಚತೀ ನೀ, ಕಳ್ಳೀ ಹಂಗ" ಎಂದರು. ನಾನು ದಪ್ಪಗೆ ಹಚ್ಚಿದೆ. ಬೆರಳು ಚುರುಚುರು ಎನ್ನುತ್ತಿತ್ತು, ಸೀರೆಯ ಸೆರಗಿನಲ್ಲಿ ಸಾಸಿವೆಕಾಳಿನಷ್ಟು ತೂತುಗಳು ಬಿದ್ದವು. ಬ್ಯಾಟರಿ ಸತ್ತಷ್ಟೂ ನಾನು ಗೆರೆಗಳನ್ನು ಅಗಲ ಮಾಡಿದೆ. ನಿಮ್ಮ ಅಜ್ಜ ಉಣ್ಣುವಾಗ ಮಾತು ಬಿಟ್ಟರು. ಎದ್ದು ಹೋಗಿ ಪೆಟ್ಟಿಗೆ ತೆರೆದು ನೋಡುವರು, ಬಂದು ಕೂರುವರು, ಮತ್ತೆ ಏಳುವರು. ಅವರ ಗಂಗಾಳದಲ್ಲಿ ಸಾರು ಆರಿ ಕೆನೆಗಟ್ಟುತ್ತಿತ್ತು.

ಸಾವಕಾರರಿಗೆ ಸಂಶಯ ಬಂದದ್ದು ಮುತ್ಯಾನ ಮೇಲೆ. ಕೋಲಿನ ಕೆಲಸ ತಪ್ಪಿಸಿದ್ದಕ್ಕೆ ಮುದುಕನಿಗೆ ಹೊಟ್ಟೆಕಿಚ್ಚು, ದೋಣಿ ಕಾಯುವ ನೆಪದಲ್ಲಿ ರೇಡಿಯೋದ ವಾಯರು ಮತ್ತೆ ಸಿಕ್ಕಿಸಿ ಬ್ಯಾಟರಿ ಬಸಿಯುತ್ತಾನೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಮುತ್ಯಾ ಅಂದು ಜನರನ್ನು ನಗಿಸಿದ ಮಾತೇ ಈಗ ಸಾಕ್ಷಿಯಾಯಿತು. ಸಾವಕಾರರು ಘಾಟಿಗೆ ಬಂದು ನಿಮ್ಮ ಅಜ್ಜನಿಗೆ ಹೇಳಿದರು: "ಇನ್ನೊಮ್ಮಿ ಇದು ಸತ್ತರ ಮುದುಕ ಘಾಟ ಬಿಡಬೇಕು. ಗುಡಿಸಲಾನೂ ಬಿಡಬೇಕು. ಅವಾ ಬಿಡದಿದ್ರ ನೀ ಬಿಡು."

ಮುತ್ಯಾ ಅಲ್ಲೇ ಹಗ್ಗ ಹೊಸೆಯುತ್ತಿದ್ದರು.

ಅದಾದ ಮುಂದಿನ ಸೋಮವಾರ ನಾನು ಊರಲ್ಲಿರಲಿಲ್ಲ. ನಾಗನೂರಿನಲ್ಲಿ ನನ್ನ ಅಕ್ಕನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಅತ್ತೆಗೆ ಮೊಣಕಾಲು ನೋವು, ದೋಣಿಗೆ ಇಳಿಯಲು ಆಗುತ್ತಿರಲಿಲ್ಲ. ಅಲ್ಲಿ ಮಗುವಿನ ಹೆಸರಿಡುವಾಗಲೂ ನನಗೆ ಬುಧವಾರದ್ದೇ ಚಿಂತೆ, ಈ ಸೋಮವಾರ ತಪ್ಪಿತಲ್ಲ, ಮುತ್ಯಾನಿಗೆ ಏನು ಕಾದಿದೆಯೋ ಎಂದು. ಶುಕ್ರವಾರ ಓಡುತ್ತ ಬಂದೆ. ನಿಮ್ಮ ಅಜ್ಜ ಘಾಟಿನಲ್ಲೇ ನಗುತ್ತ ನಿಂತಿದ್ದರು. "ವಾರಾ ಪೂರಾ ಹಸರ ಐತಿ! ಮಿಸ್ತ್ರಿ ಪಿಚಕಾರಿ ಕೊಟ್ಟ ಹೋಗ್ಯಾರ, ದಿನಾ ನೋಡಾಕತ್ತೇನಿ. ಇಂಜಿನ್ನ ಒಂದ ಏಟಿಗೆ ಏಳತೈತಿ."

"ನನ್ನ ಹರಕಿ ಮುಟ್ಟೇತಿ" ಎಂದರು ಅತ್ತೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಲೆಯ ಮುಂದೆ ಕುಳಿತು ಬೆರಳು ಮಡಿಸಿ ಎಣಿಸಿದೆ. ಸತ್ತದ್ದೆಲ್ಲ ಮಂಗಳವಾರ ಇಲ್ಲವೆ ಬುಧವಾರ. ಅಂಗಡಿಯಲ್ಲಿ ಎಂಟು ದಿನ ಹುಲಿ. ನಾನಿಲ್ಲದ ವಾರ ಹುಲಿ. ಇಂಥ ವಿಚಾರ ಮಾಡುವುದೇ ಪಾಪವೆನ್ನಿಸಿ ಎದ್ದು ಕಾಲು ತೊಳೆದುಕೊಂಡೆ.

ಸೋಮವಾರ ಬಂತು. ಹಚ್ಚದಿರಲು ನನಗೆ ಧೈರ್ಯ ಸಾಲಲಿಲ್ಲ. ಅತ್ತೆ ದಂಡೆಯ ಮೇಲೆ ನಿಂತು ನೋಡುತ್ತಿದ್ದರು, ಇದು ಅವರ ಹರಕೆಯ ಐದನೆಯ ಸೋಮವಾರ. ದಪ್ಪಗೆ ಮೂರು ಗೆರೆ ಎಳೆದೆ. ನೊರೆ ಎದ್ದಿತು. ಈ ಸಲ ನಾನು ಕೈ ಮುಗಿಯದೆ ಅದನ್ನೇ ನೋಡುತ್ತ ಕುಳಿತೆ. ಮಂಗಳವಾರ ನಿಮ್ಮ ಅಜ್ಜ ಊಟಕ್ಕೆ ಕುಳಿತಾಗ ಸೆರಗಿನ ಮರೆಯಲ್ಲಿ ಪಿಚಕಾರಿ ಒಯ್ದು ನೀರು ಎಳೆದೆ. ಬಿಳಿ ದಾಟಿ ಕೆಂಪಿನ ಅಂಚು. ಗೆರೆ ಇನ್ನೂ ಹಸಿಯಾಗಿಯೇ ಇತ್ತು, ಒಂದು ದಿನ ಕಳೆದರೂ ಒಣಗಿರಲಿಲ್ಲ. ಎರಡೂ ಕೊಂಬಿನ ಬುಡದಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಏಳುತ್ತಿದ್ದವು, ಒಡೆಯುತ್ತಿದ್ದವು. ಕರೆಂಟ ಓಡ್ಯಾಡಿದಲ್ಲೆ ನೊರಿ. ಮಿಸ್ತ್ರಿಯ ದನಿ ಕಿವಿಯಲ್ಲಿ ಹೇಳಿದಂತಾಯಿತು. ನಾನು ಎಳೆದ ಗೆರೆಯ ಮೇಲೆಯೇ ಕರೆಂಟು ಈ ಕೊಂಬಿನಿಂದ ಆ ಕೊಂಬಿಗೆ ನಡೆದು ಹೋಗುತ್ತಿತ್ತು. ಹಗಲೂ ರಾತ್ರಿ, ಯಾರೂ ಗುಂಡಿ ಒತ್ತದೆ.

ಒರೆಸಿಬಿಟ್ಟೆ. ಆದರೆ ಹೊತ್ತು ಮೀರಿತ್ತು. ಬುಧವಾರ ಬೆಳಿಗ್ಗೆ ಇಂಜಿನ್ನು ಟಿಕ್ ಎಂದಿತು.

ನಿಮ್ಮ ಅಜ್ಜ ಮುತ್ಯಾನ ಮುಖ ನೋಡದೆ ಹೇಳಿದರು: "ಶನಿವಾರ ಸಾವಕಾರ್ರು ಬರತಾರ. ಅಲ್ಲೀತನಕಾ ದೋಣಿ ಹತ್ತಬ್ಯಾಡ್ರಿ."

"ನಾ ಅಲ್ಲಪಾ" ಎಂದರು ಮುತ್ಯಾ.

"ನನಗ ಗೊತ್ತಿಲ್ಲ ಮುತ್ಯಾ. ನನ್ನ ಕೈಯಾಗ ಏನೂ ಇಲ್ಲ."

ಮುತ್ಯಾ ತಮ್ಮ ಕಂಬಳಿ, ತಾಟು, ಎಲೆಯಡಿಕೆ ಚೀಲ ಗಂಟು ಕಟ್ಟಿ ಘಾಟಿನ ಬಂಡೆಯ ಮೇಲೆ ಇಟ್ಟುಕೊಂಡು ಕುಳಿತರು. ನಾನು ರೊಟ್ಟಿ ಒಯ್ದೆ. ತೆಗೆದುಕೊಂಡರು. ಹೇಳಬೇಕು ಎಂದು ನಿಂತೆ. ಹಿಂತಿರುಗಿ ಬಂದೆ. ಅಂದು ಸಂಜೆ ನಿಮ್ಮ ಅಜ್ಜನ ಹತ್ತಿರ, "ಅದು, ಬ್ಯಾಟರಿ..." ಎಂದೆ. "ನೀನೂ ಬ್ಯಾಟರಿ ಅಂದಿ ಅಂದ್ರ ನಾ ಹೊಳಿಗಿ ಹಾರತೇನಿ" ಎಂದರು. ಗುರುವಾರ ಹಾಗೇ ಹೋಯಿತು. ಶುಕ್ರವಾರವೂ ಹೋಯಿತು. ಜೋಳ ಬೀಸಲು ಕುಳಿತರೆ ಬೀಸುಕಲ್ಲು ನಿಲ್ಲಿಸಿ ಎದ್ದು ಕಿಟಕಿಗೆ ಹೋಗುತ್ತಿದ್ದೆ. ಬಂಡೆಯ ಮೇಲೆ ಗಂಟು, ಗಂಟಿನ ಬದಿಗೆ ಮುತ್ಯಾ. ಬಂದು ಎರಡು ಸುತ್ತು ಬೀಸಿ ಮತ್ತೆ ಹೋಗುತ್ತಿದ್ದೆ. ವಿಭೂತಿ ಹಚ್ಚಿದ್ದೇ ತಪ್ಪಾಯಿತು ಎಂದು ಯಾವ ಬಾಯಿಯಿಂದ ಹೇಳುವುದು? ಅತ್ತೆ ಏನಂದಾರು, ಸಾವಕಾರರು ನಿಮ್ಮ ಅಜ್ಜನನ್ನೇ ಓಡಿಸಿದರೆ? ಹೀಗೆ ನನಗೆ ನಾನೇ ಹೇಳಿಕೊಂಡೆ. ಖರೆ ಎಂದರೆ, ಗಂಡಸರ ನಡುವೆ ಹೋಗಿ ನಿಲ್ಲಲು ನನಗೆ ಅಂಜಿಕೆ, ಅಷ್ಟೇ.

ಶನಿವಾರ ಸಾವಕಾರರು ಬಂದರು. ಮಿಸ್ತ್ರಿಯೂ ಬಂದರು, ತಾಳೆ ನೋಡಲೆಂದು ಅಂಗಡಿಯದೇ ಒಂದು ಒಳ್ಳೆಯ ಬ್ಯಾಟರಿ ತಂದಿದ್ದರು. ಹಳೆಯದನ್ನು ದೋಣಿಯಿಂದ ಎತ್ತಿ ನಮ್ಮ ಕಟ್ಟೆಯ ಮೇಲೆ ಎರಡನ್ನೂ ಇಟ್ಟರು. ಮುಳ್ಳಿನ ಮೀಟರು ಹಿಡಿದು ಒಳಗೆಲ್ಲ ನೋಡಿ ತಲೆ ಅಲ್ಲಾಡಿಸಿದರು.

"ಸಾಕು" ಎಂದರು ಸಾವಕಾರರು. "ಏ ಮುದುಕಾ, ಗಂಟ ಕಟ್ಟೀಯಲ್ಲ, ಏಳು ಇನ್ನ."

ಮುತ್ಯಾ ಎದ್ದರು. ಗಂಟು ಎತ್ತಲು ಬಾಗಿದರು. ಬಾಗಿದ ಬೆನ್ನು ಕಂಡಿತು, ನಾನು ಹೊಸ್ತಿಲು ದಾಟಿದ್ದೆ. ಕೈಯಲ್ಲಿ ವಿಭೂತಿಯ ಬಟ್ಟಲಿತ್ತು, ಯಾವಾಗ ತೆಗೆದುಕೊಂಡೆನೋ ತಿಳಿಯದು.

"ಮುತ್ಯಾ ಏನೂ ಮಾಡಿಲ್ರಿ. ನಾ ಮಾಡೇನ್ರಿ."

ಯಾರಿಗೂ ನನ್ನ ದನಿ ಗುರುತು ಸಿಗಲಿಲ್ಲ. ನಿಮ್ಮ ಅಜ್ಜ ಕೂಡ ಹಿಂದೆ ತಿರುಗಿ ಯಾರು ಎಂದು ನೋಡಿದರು. ತಲೆ ತಗ್ಗಿಸಿ ಹೇಳಿದೆ, ಸೋಮವಾರ, ಗೆರೆ, ನೊರೆ, ಒರೆಸಿ ಕಳಿಸಿದ್ದು ಎಲ್ಲ, ಮಂಗಳವಾರದ ಪಿಚಕಾರಿಯೊಂದನ್ನು ಬಿಟ್ಟು. ಸಾವಕಾರರ ಹಣೆಯ ಮೇಲೆಯೂ ವಿಭೂತಿ ಇತ್ತು.

"ವಿಭೂತಿ ಹಚ್ಚಿದ್ದಕ್ಕ ಬ್ಯಾಟರಿ ಸತ್ತಿತು ಅಂತೀಯೇನು? ಯಾರ ಮುಂದ ಏನ ಮಾತಾಡಾಕತ್ತೀ, ಖಬರ ಐತಿ?"

"ವಿಭೂತಿದ ತಪ್ಪಲ್ರಿ. ಎರಡೂ ಕೊಂಬ ಕೂಡಿಸಿ ಹಚ್ಚಿದ್ದ ನನ್ನ ತಪ್ಪ."

"ಬಾಯಿ ಇಲ್ಲಂತ ಮಾಡ್ಕೊಂಡ ಬಂದಿದ್ವಿ" ಎಂದರು ಅತ್ತೆ ಬಾಗಿಲಿನಿಂದ. "ಇವತ್ತ ಬಾಯಿ ಬಂತ ನೋಡ್ರಿ, ದೇವ್ರ ಮ್ಯಾಲ!"

ಮಿಸ್ತ್ರಿ ಮಾತ್ರ ನನ್ನ ಕೈಯ ಬಟ್ಟಲನ್ನೇ ನೋಡುತ್ತಿದ್ದರು. ತಮ್ಮ ಬ್ಯಾಟರಿಯನ್ನು ಮುಂದೆ ಸರಿಸಿದರು. "ಹಚ್ಚವ್ವಾ ತಂಗಿ, ನನ್ನದಕ್ಕೂ ಹಚ್ಚು. ನೋಡೂಣು."

ಈ ಕೊಂಬಿನಿಂದ ಆ ಕೊಂಬಿನವರೆಗೆ ಮೂರು ಗೆರೆ ಎಳೆದೆ. ಮಿಸ್ತ್ರಿ ಮೀಟರಿನ ಒಂದು ವಾಯರನ್ನು ಕೊಂಬಿಗೆ ಹಿಡಿದು, ಇನ್ನೊಂದನ್ನು ಬ್ಯಾಟರಿಯ ಒಣ ಮೈಗೆ ತಾಗಿಸಿದರು. ಮುಳ್ಳು ಅಲುಗಲಿಲ್ಲ. ಅದೇ ವಾಯರನ್ನು ನನ್ನ ಗೆರೆಯ ಮೇಲೆ ಇಟ್ಟರು. ಮುಳ್ಳು ಎದ್ದಿತು. ಗೆರೆಗುಂಟ ಸರಿಸುತ್ತ ಹೋದಂತೆ ಮುಳ್ಳು ಏರುತ್ತ ಹೋಯಿತು. ಸಾವಕಾರರು ಬಾಗಿ ನೋಡಿದರು. ಮಿಸ್ತ್ರಿ ಸೋಡಾ ಪುಡಿಯ ನೀರಿನಲ್ಲಿ ಒರೆಸಿ, ಒಣಗಿಸಿ, ಮತ್ತೆ ಅದೇ ಜಾಗದಲ್ಲಿ ಇಟ್ಟರು. ಮುಳ್ಳು ಮಲಗಿತು.

"ಖರೆ ಐತ್ರಿ" ಎಂದರು. "ನಾ ಮೂರ ಸಲ ಬಂದೆ, ಇದನ್ನ ನೋಡಿದೆ. ನಿಮ್ಮ ದೇವರ ಗುರತು, ನಾ ಹೆಂಗ ಒರಸ್ಲಿ ಅಂತ ಬಾಜೂಕ ಕೈ ಆಡಿಸಿದೆ. ನಂದೂ ತಪ್ಪೈತಿ." ಆಮೇಲೆ ನಿಮ್ಮ ಅಜ್ಜನ ಕಡೆ ತಿರುಗಿ ನಕ್ಕರು: "ಬ್ಯಾಟರಿಗೆ ದೀಕ್ಷಾ ಕೊಟ್ಟೀರಿ ಬಿಡ್ರಿ. ಸಂಸಾರ ಬಿಟ್ಟ ಕುಂತೈತಿ."

ಸಾವಕಾರರು ನಗಲಿಲ್ಲ, ಬೈಯಲೂ ಇಲ್ಲ. ಹಣೆ ಮುಟ್ಟಿಕೊಂಡು, "ಮುದುಕ ಇರಲಿ" ಎಂದು ದೋಣಿಯ ಕಡೆ ನಡೆದರು.

ನಿಮ್ಮ ಅಜ್ಜ ಹೋಗಿ ಮುತ್ಯಾನ ಗಂಟು ತಾವೇ ಎತ್ತಿಕೊಂಡರು. "ನಾ ಅಲ್ಲಂತ ಬುಧವಾರನ ಹೇಳಿದ್ನಲ್ಲಪಾ" ಎಂದರು ಮುತ್ಯಾ. ಅಷ್ಟೇ ಮಾತು. ನಮ್ಮ ಮನೆಯ ಮುಂದೆ ಹಾದುಹೋಗುವಾಗ ನಿಲ್ಲಲಿಲ್ಲ. ಮರುದಿನ ಒಯ್ದ ರೊಟ್ಟಿಯನ್ನು ಸೂರಿಗೆ ತೂಗುಹಾಕಿ ಹೋಗೆಂದರು, ಕೈಯಿಂದ ಇಸಿದುಕೊಳ್ಳಲಿಲ್ಲ. ಎರಡು ವಾರ ಹೀಗೇ ನಡೆಯಿತು. ಅತ್ತೆಯೂ ನನ್ನೊಡನೆ ಮಾತು ಬಿಟ್ಟಿದ್ದರು. ಇಂಜಿನ್ನು ಮಾತ್ರ ದಿನಾ ಒಂದೇ ಏಟಿಗೆ ಏಳುತ್ತಿತ್ತು. ಅದು ಎದ್ದಾಗಲೆಲ್ಲ ನನಗೆ ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ.

ಮೂರನೆಯ ಸೋಮವಾರ ಮುತ್ಯಾ ಬಾಗಿಲಿಗೆ ಬಂದು ಕೆಮ್ಮಿದರು. "ಯವ್ವಾ, ನಿನ್ನ ವಿಭೂತಿ ಎಲ್ಲೈತಿ? ತಗೊಂಡ ಬಾ." ದೋಣಿಯ ಮೂತಿಯ ಹತ್ತಿರ ಕರೆದೊಯ್ದು ಅಲ್ಲಿನ ಕಟ್ಟಿಗೆಯನ್ನು ಬೆರಳಿನಿಂದ ತಟ್ಟಿದರು. "ನಮ್ಮಪ್ಪನ ಕಾಲದಿಂದ ಇಲ್ಲೇ ಹಚ್ಚೂದು. ಕಟಗಿ ಐತಿ, ಕರೆಂಟ ಕುಡಿಯೂದಿಲ್ಲ. ಇಲ್ಲೆ ಹಚ್ಚು." ಹಚ್ಚಿದೆ. ನೊರೆ ಏಳಲಿಲ್ಲ. ಅಂದಿನ ರೊಟ್ಟಿಯನ್ನು ಕೈಯಿಂದಲೇ ತೆಗೆದುಕೊಂಡರು.

ನಾನೇ ಮುಂದೆ ಬಂದು ಮುತ್ಯಾನನ್ನು ಉಳಿಸಿದೆ ಎಂದು ನಿಮ್ಮ ಅಜ್ಜ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅವರು ತೀರಿಹೋಗುವತನಕ ಹಾಗೆಯೇ ನಂಬಿದ್ದರು. ನನಗೆ ಗೊತ್ತಾದದ್ದು ಮಂಗಳವಾರ. ಬಾಯಿ ಬಿಟ್ಟದ್ದು ಶನಿವಾರ. ನಡುವಿನ ದಿನಗಳಲ್ಲಿ ಒಬ್ಬ ಮುದುಕ ತನ್ನ ಗಂಟಿನ ಜೊತೆ ಬಂಡೆಯ ಮೇಲೆ ಕುಳಿತಿದ್ದ, ನಾನು ಕಿಟಕಿಯಿಂದ ನೋಡುತ್ತಿದ್ದೆ. ಇದು ಯಾರಿಗೂ ಗೊತ್ತಿಲ್ಲ. ಮುತ್ಯಾನಿಗಾದರೂ ಹೇಳಬೇಕೆಂದು ಎಷ್ಟೋ ಸೋಮವಾರ ಬಟ್ಟಲು ಹಿಡಿದು ದೋಣಿಗೆ ಇಳಿದೆ. "ಮುತ್ಯಾ" ಎನ್ನುತ್ತಿದ್ದೆ. "ಹಚ್ಚ ಯವ್ವಾ, ರೈಲಿಗೆ ಹೊತ್ತಾತು" ಎನ್ನುತ್ತಿದ್ದರು. ಹಚ್ಚಿ ಬರುತ್ತಿದ್ದೆ.